ಅತ್ತೆಯ ಚಮಚ

ಸೆಪ್ಟೆಂಬರ್ 10, ಮಂಗಳವಾರ

ಮತ್ತೆ ಅರ್ಧ ಹಾಲು ಮೂಗಿನಿಂದಲೇ ಬಂತು. ನಿಕಾಂದ್ರೊಗೆ ಐದು ತಿಂಗಳು. ಸೀಳುತುಟಿ, ಚೀಪಲು ಬರುವುದಿಲ್ಲ... ಚಮಚವೇ ಗತಿ. ಶುಕ್ರವಾರ ಪುಯೆಬ್ಲಾ ನಗರದ ಆಸ್ಪತ್ರೆಯಲ್ಲಿ ಆಪರೇಷನ್. ಹೊರಗಿನ ಡಾಕ್ಟರುಗಳ ತಂಡ, ಪುಕ್ಕಟೆ.

ಅತ್ತೆ ಶುರು ಮಾಡಿದರು. "ಬಸುರೀಲಿ ಗ್ರಹಣದ ದಿನ ಹೊಟ್ಟೆ ಮೇಲೆ ಪಿನ್ನು ಸಿಕ್ಕಿಸ್ಕೋ ಅಂದ್ರೆ ನಕ್ಕೆ. ನೋಡೀಗ, ಚಂದ್ರ ಮಗೂ ತುಟಿ ತಿಂದುಬಿಟ್ಟ."

ಈ ಹೆಂಗಸಿಗೆ ಆಪರೇಷನ್ ಆಗುವುದೇ ಬೇಕಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಆಗಲಿಲ್ಲ.

ನರ್ಸ್ ಹತ್ತು ಸಲ ಹೇಳಿದ್ದಳು — ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಜೀವಕ್ಕೇ ಅಪಾಯ. ಸಹಿ ಹಾಕಲು ಹೋದದ್ದು ಐದೇ ನಿಮಿಷ. ಬಂದರೆ ಮಗು ಅಳುತ್ತಿಲ್ಲ. ಗಲ್ಲದ ಮೇಲೆ ಜೋಳದ ಗಂಜಿ. ಅತ್ತೆಯ ಶಾಲಿನೊಳಗೆ ಚಮಚ.

"ಎರಡೇ ಚಮಚ ಕಣೆ. ಹಸಿದಿತ್ತು."

"ಬೇಕಂತ್ಲೇ ಮಾಡಿದ್ರಿ!" ವಾರ್ಡಿಗೆಲ್ಲ ಕೇಳುವಂತೆ ಕಿರುಚಿದೆ.

ತಂಡ ಮತ್ತೆ ಬರುವುದು ನವೆಂಬರಿಗೆ. ಇನ್ನು ಮಗುವನ್ನು ಇವರ ಕೈಗೆ ಕೊಡುವುದಿಲ್ಲ.

ಅಕ್ಟೋಬರ್ 6

ಅವತ್ತು ಅತ್ತೆಯ ಶಾಲಿನಲ್ಲಿದ್ದ ಆ ಪುಟ್ಟ ಚಮಚ ಅಡುಗೆಮನೆಯಲ್ಲಿ ಇಲ್ಲ. ಕೇಳಿದರೆ "ಗೊತ್ತಿಲ್ಲ" ಅಂತಾರೆ. ಎಲ್ಲೋ ಬಚ್ಚಿಟ್ಟಿದ್ದಾರೆ. ಯಾಕೆ?

ನವೆಂಬರ್ 1

ಸತ್ತ ಮಕ್ಕಳು ಮನೆಗೆ ಬರುವ ದಿನ. ಹೋದ ವರ್ಷ ತವರಲ್ಲಿದ್ದೆ, ಈ ಮನೆಯ ಆಚರಣೆ ನೋಡಿರಲಿಲ್ಲ. ಅತ್ತೆ ಮೇಜಿನ ಮೇಲೆ ಚೆಂಡುಹೂ ಹರಡಿ ಒಂದು ಬಟ್ಟಲು ಗಂಜಿ ಇಟ್ಟರು. ಪಕ್ಕದಲ್ಲಿ ಅದೇ ಚಮಚ. ಒಂದು ತುಕ್ಕು ಹಿಡಿದ ಪಿನ್ನು.

"ಯಾರಿಗೆ ಅತ್ತೆ?"

"ನನ್ನ ಮೊದಲ್ನೇ ಮಗಳಿಗೆ. ಇವನ ಥರಾನೇ ತುಟಿ. ಹಾಲು ಚೀಪೋಕಾಗ್ದೆ ಹದಿನೆಂಟು ದಿನ ಅತ್ತಳು. ಆಮೇಲೆ ಅಳೋಕೂ ಶಕ್ತಿ ಇರ್ಲಿಲ್ಲ."

"ಪಿನ್ನು?"

"ಹಾಕ್ಕೊಂಡೇ ಇದ್ದೆ ಕಣೆ ಕಸಿಲ್ದಾ. ಗ್ರಹಣ ಮುಗಿದ ಮೇಲೂ ತೆಗೀಲಿಲ್ಲ."

ನಾಚಿಕೆಯಾಯಿತು. ಸಿಟ್ಟೂ ಬಂತು — ಮತ್ತೆ ನನ್ನನ್ನು ಯಾಕೆ ಅಷ್ಟು ಆಡಿಕೊಂಡರು?

ನವೆಂಬರ್ 12, ಮಂಗಳವಾರ. ಆಸ್ಪತ್ರೆ, ಬೆಳಿಗ್ಗೆ 10:20

ನಿಕಾಂದ್ರೊ ಹಸಿವಿಗೆ ಒಂದೇ ಸಮನೆ ಅಳುತ್ತಿದ್ದ. ಮತ್ತೆ ಸಹಿ ಬೇಕಂತೆ. ಅತ್ತೆಯ ಮುಖ ನೋಡಿದೆ. ಕೇಳದಿದ್ದರೂ ಶಾಲು ಕೊಡವಿ ತೋರಿಸಿದರು. ಮಗುವನ್ನು ಅವರ ಮಡಿಲಿಗೆ ಹಾಕಿ ಹೋದೆ. ತಿರುತಿರುಗಿ ನೋಡುತ್ತಲೇ ಹೋದೆ, ಸುಳ್ಳು ಯಾಕೆ.

ವಾಪಸ್ ಬರುವಾಗ ಕಾರಿಡಾರಿನ ತುದಿಯಿಂದಲೇ ಅಳು ಕೇಳಿಸಿತು. ಮಗ ಅಳುವುದು ಕೇಳಿ ಅಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ. ಹತ್ತಿರ ಹೋದರೆ ಅತ್ತೆಯೂ ಅಳುತ್ತಿದ್ದರು.

"ಬೇಗ ಒಳಗೆ ಕರ್ಕೊಂಡ್ಹೋಗೋಕೆ ಹೇಳೇ... ನನ್ನ ಕೈಲಾಗಲ್ಲ."

ನರ್ಸ್ ಹೆಸರು ಕರೆಯುತ್ತಿದ್ದಾಳೆ. ಅತ್ತೆ ಮಗುವನ್ನು ಎತ್ತಿಕೊಂಡು ಎದ್ದರು. ಬರೆದದ್ದು ಸಾಕು, ನಾನು ಅವರ ಕೈ ಹಿಡಿದುಕೊಳ್ಳಬೇಕು—