ಹತ್ತನೆಯ ಮಗು ಇಲ್ಲದ ಊರಿನಿಂದ

ಮಾನ್ಯ ಜಿಲ್ಲಾ ಶಾಲಾ ತನಿಖಾಧಿಕಾರಿಗಳೇ,

ನನಗೆ ಹೆದರಿಕೆಯಾಗಿದೆ. ಪತ್ರದ ಮೊದಲ ಸಾಲಿನಲ್ಲೇ ಹೀಗೆ ಬರೆಯುವುದು ಗಂಡಸಿಗೆ ಶೋಭೆಯಲ್ಲ ಎಂದು ನನ್ನ ಹೆಂಡತಿ ಸಾವೆತಾ ಹೇಳಿದಳು. ಆದರೂ ಬರೆದಿದ್ದೇನೆ, ಯಾಕೆಂದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು. ನಮ್ಮೂರು ಓಕ್ನಾ ಸುರ್ದಾದ ಪ್ರಾಥಮಿಕ ಶಾಲೆಯನ್ನು, ಮಕ್ಕಳು ನಾಲ್ಕೇ ಜನ ಎಂಬ ಕಾರಣಕ್ಕೆ ತಾವು ಮುಚ್ಚಿದ್ದೀರಿ. ಮುಚ್ಚಿದ ಮೇಲೆ ಬೇರೆ ಮೂರು ಶಾಲೆಗಳ ಹೆಸರು ಕೊಟ್ಟು, "ಪೋಷಕರು ತಮಗಿಷ್ಟವಾದುದನ್ನು ಸ್ವತಂತ್ರವಾಗಿ ಆರಿಸಿಕೊಳ್ಳಬಹುದು" ಎಂದು ಅಪ್ಪಣೆ ಕೊಡಿಸಿದ್ದೀರಿ. ಆ ಸ್ವಾತಂತ್ರ್ಯ ನನ್ನ ಆರು ವರ್ಷದ ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ಎಂದು ತಿಳಿಸಲು ಈ ಬಹಿರಂಗ ಪತ್ರ.

ನಮ್ಮಲ್ಲಿ ಮಗುವಿಗೆ ವರ್ಷ ತುಂಬಿದಾಗ, ಜ್ಞಾನಸ್ನಾನದಲ್ಲಿ ಅದನ್ನು ಎತ್ತಿಕೊಂಡ ಧರ್ಮತಾಯಿ ಬಂದು ನೆತ್ತಿಯ ಜುಟ್ಟು ಕತ್ತರಿಸಿ, ಮುಂದೆ ಒಂದು ತಟ್ಟೆ ಇಡುತ್ತಾಳೆ. ಬಾಚಣಿಗೆ, ಪುಸ್ತಕ, ರೊಟ್ಟಿ, ಕನ್ನಡಿ, ಏನೇನೋ ಇರುತ್ತದೆ. ಮಗು ಯಾವುದಕ್ಕೆ ಕೈ ಹಾಕುತ್ತದೋ ಅದು ಅದರ ಹಣೆಬರಹ. ತಮ್ಮ ಜುಟ್ಟನ್ನೂ ಯಾರೋ ಹೀಗೇ ಕತ್ತರಿಸಿರಬೇಕು, ತಾವು ಆ ದಿನ ರಬ್ಬರ್ ಸ್ಟಾಂಪನ್ನೇ ಹಿಡಿದಿರಬೇಕು. ನನ್ನ ಮಗಳು ದೊಮ್ನಿಕಾ ನೇರವಾಗಿ ಕತ್ತರಿಗೆ ಕೈ ಹಾಕಿದಳು. ಜುಟ್ಟು ಕತ್ತರಿಸಿದವಳು ಕತ್ತರಿಯನ್ನು ಮರೆತು ತಟ್ಟೆಯಲ್ಲೇ ಬಿಟ್ಟಿದ್ದಳು. "ಅಯ್ಯಯ್ಯೋ, ಯಾರೇ ಇದನ್ನ ಇಲ್ಲಿಟ್ಟಿದ್ದು!" ಎಂದು ಇಡೀ ಮನೆ ಕೂಗಿತು. ಮಗುವನ್ನು ಯಾರೂ ಬೈಯಲಿಲ್ಲ. ಎತ್ತಿಕೊಳ್ಳಬಾರದ ವಸ್ತುವನ್ನು ಮಗುವಿನ ತಟ್ಟೆಯಲ್ಲಿ ಇಡಬಾರದು ಎಂಬುದು ನಮ್ಮೂರಿನ ಅಕ್ಷರ ಬಾರದ ಮುದುಕಿಯರಿಗೂ ಗೊತ್ತಿದೆ.

ಈಗ ತಮ್ಮ ತಟ್ಟೆಯಲ್ಲಿ ಏನಿದೆ ನೋಡೋಣ. ಮೊದಲನೆಯದು ಕಣಿವೆಯ ಶಾಲೆ. ಒಳ್ಳೆಯ ಶಾಲೆ, ಹೊಸ ಬಣ್ಣ, ಮಕ್ಕಳಿಗೆ ವ್ಯಾನು. ಆದರೆ ವ್ಯಾನು ನದಿಯ ಆಚೆ ದಡದಲ್ಲಿ ನಿಲ್ಲುತ್ತದೆ. ಈಚೆಯಿಂದ ಆಚೆಗೆ ಇರುವುದು ತೂಗುಸೇತುವೆ. ವಸಂತದ ಪ್ರವಾಹದಲ್ಲಿ ಅದರ ಹಲಗೆಗಳು ಹೋದವು, ತಂತಿ ಮಾತ್ರ ಉಳಿಯಿತು. ಎರಡನೆಯದು ಗುಡ್ಡದ ಮೇಲಿನ ಶಾಲೆ. ಬೀಚ್ ಮರಗಳ ಕಾಡಿನ ನಡುವೆ "ಆಹ್ಲಾದಕರ ಕಾಲುದಾರಿ" ಎಂದು ತಾವೇ ಬರೆದಿದ್ದೀರಿ. ಆ ಆಹ್ಲಾದದ ಬಗ್ಗೆ ಸರ್ಕಾರದ ಇನ್ನೊಂದು ಇಲಾಖೆ ನನ್ನ ಫೋನಿಗೆ ಆಗಾಗ ಸಂದೇಶ ಕಳಿಸುತ್ತದೆ. ಫೋನು ಕಿರುಚಿಕೊಂಡು, "ನಿಮ್ಮ ಪ್ರದೇಶದಲ್ಲಿ ಕರಡಿ ಕಾಣಿಸಿಕೊಂಡಿದೆ, ಹೊರಗೆ ಬರಬೇಡಿ" ಎನ್ನುತ್ತದೆ. ಒಂದು ಇಲಾಖೆ ಹೊರಡು ಎನ್ನುತ್ತದೆ, ಇನ್ನೊಂದು ಬಾಗಿಲು ಹಾಕಿಕೋ ಎನ್ನುತ್ತದೆ. ತಾವಿಬ್ಬರೂ ಒಂದು ದಿನ ಕೂತು ಕಾಫಿ ಕುಡಿಯಬಾರದೇ? ಮೂರನೆಯದು ಜಿಲ್ಲಾ ಕೇಂದ್ರದ ಹಾಸ್ಟೆಲ್ ಶಾಲೆ. ಮಗು ಶನಿವಾರ ಮನೆಗೆ ಬರಬಹುದು, ರಸ್ತೆ ಇದ್ದರೆ. ಹಿಮ ಬಿದ್ದ ಮೇಲೆ ನಮಗೆ ರಸ್ತೆ ಇರುವುದಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅವರಿಗೆ ಎರಡೇ ಇದ್ದವು.

ನಾನು ಮೊದಲೇ ಪುಕ್ಕಲ ಎಂದು ಒಪ್ಪಿಕೊಳ್ಳುತ್ತೇನೆ. ಊರಿನ ಚರ್ಚಿನಲ್ಲಿ ಗಂಟೆ ಬಾರಿಸುವುದು ನನ್ನ ಕೆಲಸ. ಬೇಸಿಗೆಯಲ್ಲಿ ಆಲಿಕಲ್ಲಿನ ಮೋಡ ಬಂದರೆ, ಅದು ಪ್ಲಮ್ ತೋಟಗಳ ಮೇಲೆ ಬೀಳುವ ಮೊದಲೇ ಓಡಿಹೋಗಿ ಹಗ್ಗ ಜಗ್ಗಬೇಕು. ಗಂಟೆಯ ಸದ್ದಿಗೆ ಮೋಡ ಚದುರುತ್ತದೆ ಎಂಬುದು ಊರಿನ ನಂಬಿಕೆ. ಅಂದರೆ ಎಲ್ಲರಿಗಿಂತ ಮೊದಲು ಹೆದರುವುದಕ್ಕೇ ಊರು ನನ್ನನ್ನು ಇಟ್ಟುಕೊಂಡಿದೆ. "ಮೋಡ ಕಂಡ್ರೂ ಹೆದರ್ತೀಯ, ಮೋಡ ಇಲ್ದಿದ್ರೂ ಹೆದರ್ತೀಯ, ನಿನ್ನ ಕಟ್ಕೊಂಡು ನಾನು ಧೈರ್ಯಸ್ಥೆ ಆದೆ" ಎಂದು ಸಾವೆತಾ ಆಡಿಕೊಳ್ಳುತ್ತಾಳೆ.

ತಮ್ಮ ಅಪ್ಪಣೆ ಬಂದ ವಾರ ಮನೆಯಲ್ಲಿ ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಾ ಕುಳಿತಿದ್ದೆವು. ನಾನು, ಸಾವೆತಾ, ಅವಳ ತಾಯಿ ವರ್ವಾರಾ. ನನ್ನ ಅತ್ತೆಗೆ ಮಂಡಿ ನೋವು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ದೊಮ್ನಿಕಾ ಕೇಳಿದಳು, "ನಾನು ಯಾವ ಶಾಲೆಗೆ ಹೋಗೋದು?" ನಾನು ಸೇತುವೆ ಎಂದು ಬಾಯಿ ತೆಗೆಯುವಷ್ಟರಲ್ಲಿ ಸಾವೆತಾ ಮೊಣಕೈಯಲ್ಲಿ ತಿವಿದಳು. "ಮಗೂನ ಹೆದರಿಸ್ಬೇಡ." ಹೆದರಿಸದೆ ಹೇಳುವ ವಿದ್ಯೆ ತನಗೆ ಗೊತ್ತೆಂದು ಅತ್ತೆ ಮುಂದೆ ಬಂದರು. ಕಥೆ ಹೇಳುವುದು ನಮ್ಮೂರಿನ ರೋಗ. ಯಾರಾದರೂ ಸತ್ತರೂ ಮಕ್ಕಳಿಗೆ ಕಥೆಯನ್ನೇ ಹೇಳುತ್ತೇವೆ.

"ಕೇಳು ನನ್ ಬಂಗಾರಿ. ಮೂರು ಶಾಲೆ ಇದಾವೆ. ಒಂದು ನದಿ ರಾಣಿ ಶಾಲೆ. ಅಲ್ಲಿ ಮೀನು ಮೇಷ್ಟ್ರು. ಒಂದೇ ಒಂದು ದಾರದ ಮೇಲೆ ನಡ್ಕೊಂಡು ಹೋಗ್ಬೇಕು. ಜಾರಿದೋರು ಕಪ್ಪೆ ಆಗ್ತಾರೆ."

"ಆಮೇಲೆ?"

"ಇನ್ನೊಂದು ಕರಡಿ ಅತ್ತೆ ಶಾಲೆ. ದಿನಾ ಅವಳ ಬೆನ್ನು ಕೆರೀಬೇಕು. ಚೆನ್ನಾಗಿ ಕೆರೆದ್ರೆ ಜೇನು ಕೊಡ್ತಾಳೆ. ಉಗುರು ತಾಗಿದ್ರೆ..."

"ತಾಗಿದ್ರೆ?"

"ತಾಗಿಸ್ಬಾರ್ದು ಅಷ್ಟೆ. ಮೂರನೇದು ನೆಲದೊಳಗಿನ ಶಾಲೆ. ನನ್ನಜ್ಜಿ ಹೇಳ್ತಿದ್ದದ್ದು. ಅಲ್ಲಿ ಹತ್ತೇ ಜಾಗ. ಸೂರ್ಯನ್ನ ನೋಡೋ ಹಾಗಿಲ್ಲ, ಆದ್ರೆ ಪ್ರಾಣಿಗಳ ಭಾಷೆ ಬರುತ್ತೆ, ಮೋಡದ ಮೇಲೆ ಸವಾರಿ ಮಾಡೋದು ಬರುತ್ತೆ. ಓದು ಮುಗಿದ ದಿನ ಒಬ್ಬೊಬ್ಬರಾಗಿ ಹೊರಗೆ ಬರ್ತಾರೆ. ಒಂಬತ್ತು ಜನ ಬಂದ್ಮೇಲೆ ಮೇಷ್ಟ್ರು ಧಡ್ ಅಂತ ಬಾಗಿಲು ಹಾಕ್ತಾನೆ. ಹತ್ತನೇದು ಅವನ ಫೀಸು."

"ಆ ಶಾಲೆ ಎಲ್ಲಿದೆ?"

"ಎಲ್ಲಿರುತ್ತೆ? ಹಳೇ ಉಪ್ಪಿನ ಗಣಿ ಒಳಗೆ" ಎಂದುಬಿಟ್ಟರು ಅತ್ತೆ, ಬೀಜ ಉಗಿಯುತ್ತಾ.

ನಗಬೇಡಿ ಮಾನ್ಯರೇ. ಬೀಜ ಬಿಡಿಸುತ್ತಲೇ ನಾನು ಆ ಮೂರು ಶಾಲೆಗಳನ್ನು ಪೋಷಕನ ಕಣ್ಣಿನಿಂದ ನೋಡಿದೆ. ದಾರದ ಮೇಲೆ ನಡೆಯುವಾಗ ಗಾಳಿ ಬೀಸಿದರೆ ಏನು ಗತಿ? ಕಪ್ಪೆಯಾದ ಮಗುವನ್ನು ಶನಿವಾರ ಗುರುತು ಹಿಡಿಯುವುದು ಹೇಗೆ? ಕರಡಿಗೆ ಬೆನ್ನು ಕೆರೆಯುವ ಮಗುವಿನ ಉಗುರನ್ನು ದಿನಾ ಯಾರು ನೋಡುತ್ತಾರೆ? ಹತ್ತರಲ್ಲಿ ಒಂದು ಮಗುವನ್ನು ಕಳೆದುಕೊಳ್ಳುವ ಶಾಲೆಗೆ ಪರವಾನಗಿ ಕೊಟ್ಟವರು ಯಾರು? ಕಥೆಯ ಶಾಲೆಗಳಲ್ಲೂ ನನಗೆ ಒಂದು ನೆಮ್ಮದಿಯ ಶಾಲೆ ಸಿಗಲಿಲ್ಲ. ಆಗ ಹೊಳೆಯಿತು, ಅತ್ತೆ ಹೊಸದೇನನ್ನೂ ಕಟ್ಟಿರಲಿಲ್ಲ. ತಮ್ಮ ಅಪ್ಪಣೆಯನ್ನೇ ಮಗುವಿಗೆ ಅರ್ಥವಾಗುವಂತೆ ಓದಿದ್ದರು.

ಮರುದಿನ ಅಂಗಳದಲ್ಲಿ ಕೊಪ್ಪರಿಗೆ ಏರಿಸಿ ಪ್ಲಮ್ ಕುದಿಸಲು ಇಟ್ಟೆವು. ಸಕ್ಕರೆ ಹಾಕದೆ ಇಳಿಸುವ ಪಾಕ ಅದು. ಬೆಳಗಿನಿಂದ ಸಂಜೆಯವರೆಗೆ ಕೈ ಬಿಡದೆ ತಿರುವಬೇಕು, ಬಿಟ್ಟರೆ ತಳ ಹಿಡಿಯುತ್ತದೆ. ಅದಕ್ಕೇ ಎಲ್ಲರ ಕಣ್ಣೂ ಕೊಪ್ಪರಿಗೆಯ ಮೇಲಿತ್ತು. ಮಧ್ಯಾಹ್ನ ಮೆಕ್ಕೆಜೋಳದ ಮಮಲೀಗಾ ಮುದ್ದೆ ಕೂಡಿಸಿ, ಮಗಳನ್ನು ಊಟಕ್ಕೆ ಕರೆಯಲು ಹೋದ ಸಾವೆತಾ ಹಿತ್ತಲಿನಿಂದ ಕೂಗಿದಳು, "ಅಯ್ಯೋ, ನನ್ನ ಡೇಲಿಯಾ ಹೂವೆಲ್ಲ ಯಾರು ಕಿತ್ತಿದ್ದು?"

ಶಾಲೆಯ ಮೊದಲ ದಿನ ಮಕ್ಕಳು ಟೀಚರಿಗೆ ಹೂಗುಚ್ಛ ಕೊಡುತ್ತಾರೆ. ಡೇಲಿಯಾ ನಾವು ಬೆಳೆಸುವುದೇ ಅದಕ್ಕೆ. ದೊಮ್ನಿಕಾ ಶಾಲೆಗೆ ಹೋಗಿದ್ದಾಳೆ. ಯಾವ ಶಾಲೆಗೆ?

ಅಪ್ಪಣೆಯಂತೆ ಆ ಗಳಿಗೆಯಲ್ಲಿ ನಾನು ಸ್ವತಂತ್ರವಾಗಿ ಆರಿಸಬೇಕಾಯಿತು. ನದಿ ಒಂದು ಕಡೆ, ಕಾಡು ಒಂದು ಕಡೆ, ಗಣಿ ಒಂದು ಕಡೆ. ಸರಿಯಾಗಿ ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಕಿರುಚಿತು. ಕರಡಿ. ಸಾವೆತಾ ಪಾತ್ರೆಯಲ್ಲಿದ್ದ ಮುದ್ದೆ ಸುರಿದು, ಕರಡಿ ಹೆದರಲೆಂದು ಸೌಟಿನಿಂದ ಪಾತ್ರೆ ಬಡಿಯುತ್ತಾ, "ದೊಮ್ನಿಕಾ! ದೊಮ್ನಿಕಾ!" ಎಂದು ಕಾಡಿನತ್ತ ಓಡಿದಳು. ಧೈರ್ಯಸ್ಥೆ ಹೌದು, ಆದರೆ ಅದು ನಾನು ಹಿಂದೆಂದೂ ಕೇಳಿರದ ಧ್ವನಿಯಾಗಿತ್ತು. ಅತ್ತೆ ಮಂಡಿ ಹಿಡಿದುಕೊಂಡು ನದಿಯತ್ತ ಹೊರಟರು. "ನನ್ ಬಾಯಿಗೆ ಮಣ್ಣು ಹಾಕ, ನನ್ ಬಾಯಿಗೆ ಮಣ್ಣು ಹಾಕ" ಎಂದು ತಮ್ಮನ್ನೇ ಶಪಿಸಿಕೊಳ್ಳುತ್ತಿದ್ದರು. ನಾನು ಗಣಿಯತ್ತ ಓಡಿದೆ. ಬುದ್ಧಿ ಉಪಯೋಗಿಸಿ ಆರಿಸಿದೆ ಎಂದು ಭಾವಿಸಬೇಡಿ. ನನಗೆ ಅತಿ ಹೆಚ್ಚು ಹೆದರಿಕೆ ಇದ್ದದ್ದು ಆ ಜಾಗದ್ದೇ.

ಓಕ್ನಾ ಸುರ್ದಾ ಎಂದರೆ ಕಿವುಡು ಗಣಿ. ಗಣಿಗೆ ಇಳಿಯಲು ತೋಡಿದ ಆ ಬಾವಿಯೊಳಗೆ ಎಷ್ಟು ಕೂಗಿದರೂ ಮಾರ್ದನಿ ಬರುವುದಿಲ್ಲ, ಕಲ್ಲು ಎಸೆದರೆ ಬಿದ್ದ ಸದ್ದೂ ಕೇಳುವುದಿಲ್ಲ. ಬಾಯಿಯ ಸುತ್ತ ಉಪ್ಪು ಕರಗಿ ನೆಲ ಒಳಗೊಳಗೇ ಟೊಳ್ಳಾಗಿದೆ, ಮೇಲೆ ಹುಲ್ಲು ಮಾತ್ರ ಹಸಿರಾಗಿ ಕಾಣುತ್ತದೆ. ಬೇಲಿ ಎಂದೋ ಮುರಿದಿದೆ. ಏರು ಹತ್ತುವಾಗ ನಾನು ದೇವರಿಗೆ ಹರಕೆ ಹೊತ್ತೆ, ಬೈದೆ, ಮತ್ತೆ ಹರಕೆ ಹೊತ್ತೆ. ಮೇಲೆ ಬಂದು ನೋಡಿದರೆ ಬೇಲಿಯಿಂದಾಚೆ, ಅಂಚಿನಲ್ಲಿ, ನನ್ನ ಮಗಳು. ಭಾನುವಾರದ ಕಸೂತಿ ಅಂಗಿ ಹಾಕಿಕೊಂಡು, ಬಗ್ಗಿ, ಕತ್ತಲೊಳಕ್ಕೆ ಕೂಗುತ್ತಿದ್ದಳು.

"ಮೇಷ್ಟ್ರೇ! ಇದೀರಾ?"

ಹೆಸರು ಹಿಡಿದು ಕೂಗಿದರೆ ಬೆಚ್ಚಿಬೀಳುತ್ತಾಳೆ. ಹತ್ತಿರ ಹೋದರೆ ನನ್ನ ಭಾರಕ್ಕೆ ನೆಲ ಕುಸಿಯುತ್ತದೆ. ಇನ್ನೊಂದು ಹೆಜ್ಜೆ ಅವಳೇ ಮುಂದಿಟ್ಟರೂ ಮುಗಿಯಿತು. ಆಲಿಕಲ್ಲಿಗೆ ಹೆದರಿದ್ದು, ಕರಡಿಗೆ ಹೆದರಿದ್ದು, ಅದೆಲ್ಲ ಹೆದರಿಕೆಯೇ ಅಲ್ಲ ಎಂದು ಆಗ ಗೊತ್ತಾಯಿತು. ನನ್ನ ಬಾಯಿಂದ ಅದು ಹೇಗೆ ಹೊರಟಿತೋ ದೇವರೇ ಬಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದೆ.

"ದೊಮ್ನಿಕಾ, ಶಾಲೆ ಬಿಡ್ತು ಕಣಮ್ಮಾ. ಬಾ, ಮನೆಗೆ ಹೋಗೋಣ."

ಅವಳು ತಿರುಗಿ ನೋಡಿದಳು. "ಇನ್ನೂ ಶುರುವೇ ಆಗಿಲ್ವಲ್ಲಪ್ಪಾ."

"ಇವತ್ತು ಅರ್ಧ ದಿನ. ಬೇಗ ಬಾ."

"ಒಂದ್ನಿಮಿಷ" ಎಂದಳು. ಹೂಗುಚ್ಛವನ್ನು ಬಾವಿಯೊಳಗೆ ಹಾಕಿದಳು. ಬಿದ್ದ ಸದ್ದು ಬರಲಿಲ್ಲ. ಆಮೇಲೆ ಹುಲ್ಲಿನ ಮೇಲೆ ಕುಣಿಯುತ್ತಾ ನನ್ನ ಕಡೆ ಬಂದಳು, ಒಂದೊಂದು ಕುಣಿತಕ್ಕೂ ನಾನು ಒಂದೊಂದು ಸಲ ಸತ್ತೆ. ಕೈಗೆ ಸಿಕ್ಕಿದವಳನ್ನು ಎದೆಗೆ ಅವುಚಿಕೊಂಡು ಬೇಲಿಯಿಂದ ದೂರ ಬಂದು ನೆಲಕ್ಕೆ ಕುಸಿದು ಕೂತೆ. ಹೊಡೆಯಬೇಕೆನ್ನಿಸಿತು, ಬದಲಿಗೆ ಅವಳ ಅಂಗಿಯ ಮಣ್ಣು ಕೊಡವಿದೆ.

"ಅಪ್ಪಾ, ಯಾಕೆ ನಡುಗ್ತಿದೀಯಾ? ಚಳಿನಾ?"

"ಹೂಂ, ಚಳಿ. ಅಲ್ಲ ಕಣೇ, ಮೂರು ಶಾಲೇಲಿ ನಿಂಗೆ ಇದೇ ಬೇಕಾಗಿತ್ತಾ? ಅಜ್ಜಿ ಹೇಳಿದ್ದು ಕೇಳಿಸ್ಲಿಲ್ವಾ, ಹತ್ತರಲ್ಲಿ ಒಬ್ರನ್ನ ಇಟ್ಕೋತಾನೆ ಅಂತ?"

ನಾನು ದಡ್ಡನೇನೋ ಎಂಬಂತೆ ನನ್ನ ಮುಖ ನೋಡಿದಳು. "ಹತ್ತನೇವ್ರನ್ನ ಅಲ್ವಾ ಇಟ್ಕೊಳ್ಳೋದು? ನಾವು ನಾಲ್ಕೇ ಜನ ಇರೋದು! ಹತ್ತನೇವ್ರೇ ಇಲ್ವಲ್ಲ. ಎಲ್ಲಾರೂ ವಾಪಸ್ ಬರ್ತೀವಿ. ಅದಕ್ಕೇ ಮೊದ್ಲೇ ಹೇಳೋಕೆ ಬಂದೆ, ನಾವು ನಾಲ್ಕು ಜನ ಬರ್ತೀವಿ, ಬೇರೆ ಊರಿನೋರನ್ನ ಸೇರಿಸ್ಕೋಬೇಡಿ ಅಂತ. ಕರಡಿ ಶಾಲೇಲಿ, ನದಿ ಶಾಲೇಲಿ ಲೆಕ್ಕವೇ ಇಲ್ಲಪ್ಪ. ಅಲ್ಲಿ ಯಾರು ಬೇಕಾದ್ರೂ ಕಳೆದುಹೋಗ್ಬಹುದು."

ಇದು ಆರು ವರ್ಷದ ಮಗು, ಮಾನ್ಯರೇ, ಇನ್ನೂ ಒಂದು ದಿನ ಶಾಲೆಯ ಮೆಟ್ಟಿಲು ಹತ್ತಿಲ್ಲ. ತಮ್ಮ ಕಚೇರಿಯಲ್ಲಿ ಎಷ್ಟೋ ಜನ ಕೂತು, ನಾಲ್ಕು ಎಂಬ ಸಂಖ್ಯೆಯಿಂದ ಕೂಡಿ ಕಳೆದು ಕಂಡುಕೊಂಡದ್ದೇನು? ಶಾಲೆ ಮುಚ್ಚಬೇಕು ಎಂದು. ಅದೇ ನಾಲ್ಕರಿಂದ ಇವಳು ಕಂಡುಕೊಂಡದ್ದು ನಾಲ್ವರೂ ಜೀವಸಹಿತ ಮನೆಗೆ ಬರುವ ದಾರಿಯನ್ನು. ಲೆಕ್ಕದಲ್ಲಿ ಯಾರು ಪಾಸು, ಯಾರು ಫೇಲು, ತಾವೇ ಹೇಳಿ. ನಾನು ಮೂರು ಶಾಲೆಗಳನ್ನು ತೂಗಿ ನೋಡಿ ಒಂದನ್ನೂ ಆರಿಸಲಾರದೆ ಕೂತಿದ್ದೆ. ಅವಳು ಆರಿಸಿದಳು, ತಮ್ಮ ಅಪ್ಪಣೆಯನ್ನು ಪಾಲಿಸಿದ ಏಕೈಕ ವ್ಯಕ್ತಿ ಈ ಊರಿನಲ್ಲಿ ಅವಳೇ.

ಮನೆಗೆ ಬಂದಾಗ ಕೊಪ್ಪರಿಗೆ ತಳ ಹಿಡಿದು ಅಂಗಳವೆಲ್ಲ ಸುಟ್ಟ ವಾಸನೆ. ಸಾವೆತಾ ಮಗಳನ್ನು ತಬ್ಬಿಕೊಂಡು ಅತ್ತಳು, ಆಮೇಲೆ ಬೈದಳು, ಆಮೇಲೆ ಕಣ್ಣು ಬೀಳದಿರಲೆಂದು ಥೂ ಥೂ ಎಂದು ಉಗಿದು ಮತ್ತೆ ಅತ್ತಳು. ಅತ್ತೆ ಅಂದಿನಿಂದ ಒಂದು ಕಥೆಯನ್ನೂ ಹೇಳಿಲ್ಲ. ಎಪ್ಪತ್ತು ದಾಟಿದ ಮುದುಕಿಯನ್ನು ಮೂಕಿಯಾಗಿಸಿದ ಪುಣ್ಯವೂ ತಮ್ಮದೇ ಲೆಕ್ಕಕ್ಕೆ ಸೇರಲಿ. ಬೇಲಿಯನ್ನು ನಾವು ಊರಿನವರೇ ಕಟ್ಟಿದ್ದೇವೆ. ನಾನು ಈಗಲೂ ಮಗಳು ಕಣ್ಣಿಗೆ ಕಾಣದಿದ್ದರೆ ಮೊದಲು ಹೂವಿನ ಗಿಡ ನೋಡುತ್ತೇನೆ.

ಆದ್ದರಿಂದ ನನ್ನ ಬೇಡಿಕೆ. ನಮ್ಮ ಶಾಲೆಯ ಬೀಗ ತೆಗೆಸಿ. ಕಟ್ಟಡ ಇದೆ, ಒಲೆ ಇದೆ, ಟೀಚರ್ ಊರಲ್ಲೇ ಇದ್ದಾರೆ, ನಾಲ್ಕು ಮಕ್ಕಳಿದ್ದಾರೆ. ಆಗುವುದಿಲ್ಲವೆಂದರೆ ಶಾಲೆ ಆರಂಭವಾಗುವ ಬೆಳಗ್ಗೆ ತಾವೇ ಇಲ್ಲಿಗೆ ದಯಮಾಡಿಸಿ. ತಮ್ಮ ಮೊಮ್ಮಗುವನ್ನೂ ಕರೆತನ್ನಿ. ಸೇತುವೆಯ ತಂತಿ ತೋರಿಸುತ್ತೇನೆ, ಕಾಡಿನ ದಾರಿ ತೋರಿಸುತ್ತೇನೆ, ಹಾಸ್ಟೆಲಿನ ರಸ್ತೆ ತೋರಿಸುತ್ತೇನೆ. ಆ ಮಗುವಿನ ಕೈ ಬಿಟ್ಟು, "ಇಷ್ಟವಾದದ್ದನ್ನು ಆರಿಸಿಕೋ ಪುಟ್ಟಾ" ಎಂದು ತಾವು ಹೇಳಬೇಕು, ನಾನು ಕೇಳಬೇಕು. ಎರಡೂ ಆಗದಿದ್ದರೆ ಆ ದಿನ ಆಕಾಶ ಎಷ್ಟೇ ತಿಳಿಯಾಗಿರಲಿ, ನಾನು ಆಲಿಕಲ್ಲಿನ ಗಂಟೆ ಬಾರಿಸಲು ಶುರುಮಾಡುತ್ತೇನೆ, ಬೀಗ ತೆಗೆಯುವವರೆಗೆ ಹಗ್ಗ ಬಿಡುವುದಿಲ್ಲ.

ಕೊನೆಯದಾಗಿ, ಅಂದು ಗುಡ್ಡ ಇಳಿಯುವಾಗ ನನ್ನ ಹೆಗಲ ಮೇಲೆ ಕೂತ ದೊಮ್ನಿಕಾ ಒಂದು ಮಾತು ಕೇಳಿದಳು. ಉತ್ತರ ಕೊಡಬೇಕಾದವರು ತಾವೇ ಆದ್ದರಿಂದ ತಮಗೆ ದಾಟಿಸುತ್ತಿದ್ದೇನೆ.

"ನಾಲ್ಕೇ ಜನ ಅಂತ ಕೂಗಿ ಹೇಳ್ದೆ ಅಪ್ಪಾ. ಆ ಮೇಷ್ಟ್ರು ಬೇಡ ಅನ್ನಲೇ ಇಲ್ಲ. ಸ್ಕೂಲ್ ಇನ್ಸ್‌ಪೆಕ್ಟರ್ ಯಾಕೆ ಬೇಡ ಅಂದ್ರು?"

ಇಂತಿ,
ಮಗಳ ಕೈ ಇನ್ನೂ ಬಿಡದಿರುವ,
ಓಕ್ನಾ ಸುರ್ದಾದ ಪುಕ್ಕಲ ಗಂಟೆಯವನು
ಪಂತೆಲಿಮೋನ್ ಬುರ್ಲಾಕು