ಕಲ್ಲಿಗೆ ಬಡಿಯಲೆಂದು ಕೆತ್ತಿದ ಮೀನುಗಳು

ನೊಲಿಚಕಿ ನದಿಯ ದಂಡೆ,
ಗ್ರೀನ್ ಕೌಂಟಿ, ಟೆನೆಸಿ.
ಏಪ್ರಿಲ್ ೧೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಡರೆಲ್,

ಹೌದು, ಪ್ರೀತಿಯ ಎಂದೇ ಬರೆದಿದ್ದೇನೆ. ಮದುವೆಯಾದಾಗಿನಿಂದ ರೂಢಿಯಾದದ್ದು, ಕೈ ತಾನಾಗಿ ಬರೆಯುತ್ತದೆ. ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡ.

ನಿನ್ನ ಕಾಗದ ತಲುಪಿತು. ಟ್ರೆಂಟ್‌ನ ಪೆಟ್ಟಿಗೆಯನ್ನು ಇದ್ದ ಹಾಗೇ ಕಳಿಸಬೇಕಂತೆ, ನಾನು ಒಂದನ್ನೂ ಮುಟ್ಟಬಾರದಂತೆ. ನಿನ್ನ ತಮ್ಮನ ಮನೆಯ ಹಜಾರದಲ್ಲಿ ಗಾಜಿನ ಕಪಾಟು ಮಾಡಿಸಿದ್ದೀಯಂತೆ. ನಮ್ಮ ಮಗ ಕೆತ್ತಿದ್ದೆಲ್ಲ ಅದರೊಳಗೆ ಸಾಲಾಗಿ ತೂಗಬೇಕು, ನಡುವಿನ ಮೊಳೆಗೆ ನಾವು ಕುಂಟ ಎನ್ನುತ್ತಿದ್ದ ಆ ಒಂದು ಮೀನು. ಅಂಗಡಿಯವರ ಹಾಗೆ ನೀನು ಅವನ್ನು ಕ್ರ್ಯಾಂಕ್‌ಬೇಟ್ ಎಂದು ಬರೆದಿರುವುದು ನೋಡಿ ನಗು ಬರಬೇಕಿತ್ತು. ಗಾಳದ ತುದಿಗೆ ಕಟ್ಟುವ ಅವು ಈ ಮನೆಯಲ್ಲಿ ಯಾವಾಗಲೂ ಮರದ ಮೀನುಗಳೇ ಆಗಿದ್ದವು.

ಪೆಟ್ಟಿಗೆಯನ್ನು ಇದ್ದ ಹಾಗೆ ಕಳಿಸುತ್ತಿಲ್ಲ. ಅರ್ಧ ಕಳಿಸುತ್ತಿದ್ದೇನೆ. ಯಾವ ಅರ್ಧ, ಯಾಕೆ ಎಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು. ಕುಂಟನ ವಿಷಯ ಆಮೇಲೆ.

ಮೊದಲು ನನ್ನ ಸುದ್ದಿ, ಏಕೆಂದರೆ ನೀನು ಕೇಳಲಿಲ್ಲ. ಊಟ ಮಾಡುತ್ತೇನೆ. ಬೀನ್ಸ್ ಬೇಯಿಸುತ್ತೇನೆ, ಜೋಳದ ರೊಟ್ಟಿ ಸುಡುತ್ತೇನೆ, ತಟ್ಟೆ ತೊಳೆಯುತ್ತೇನೆ. ಎಲ್ಲದಕ್ಕೂ ಒಂದೇ ರುಚಿ. ಚರ್ಚಿನ ಹೆಂಗಸರು ಮೊದಮೊದಲು ಪಾತ್ರೆಗಟ್ಟಲೆ ಅಡುಗೆ ತರುತ್ತಿದ್ದರು, ಈಗ ನಿಲ್ಲಿಸಿದ್ದಾರೆ. ಒಬ್ಬಳಂತೂ ನನಗೆ ಕೇಳಿಸುವ ಹಾಗೇ ಪಕ್ಕದವಳಿಗೆ ಹೇಳಿದಳು, "ನೆಲ್ಡಾ ಬಲು ಗಟ್ಟಿಗಿತ್ತಿ ಕಣೆ, ಮಗನ್ನ ಮಣ್ಣಿಗಿಡೋವಾಗ್ಲೂ ಒಂದು ಹನಿ ಬರಲಿಲ್ಲ ನೋಡು." ಅದು ಹೊಗಳಿಕೆಯಲ್ಲವೆಂದು ನನಗೂ ಗೊತ್ತು. ಡಿಸೆಂಬರಿನಲ್ಲಿ ಆ ಪೊಲೀಸಿನವನು ಬಾಗಿಲಲ್ಲಿ ಟೋಪಿ ತೆಗೆದು ನಿಂತು, ಸೇತುವೆ ಮೇಲೆ ಹಿಮ ಕಟ್ಟಿತ್ತು, ಪಿಕಪ್ ಜಾರಿತು, ಹುಡುಗ ನರಳಲಿಲ್ಲ ಎಂದನಲ್ಲ, ಆಗ ನಾನು ಅವನಿಗೆ ಕಾಫಿ ಬೇಕೇ ಎಂದು ಕೇಳಿದೆ. ಇವತ್ತಿಗೂ ಒಳಗೆ ಅಷ್ಟೇ. ಯಾರೋ ಬಂದಿದ್ದಾರೆ, ಕಾಫಿ ಕೊಡಬೇಕು. ಅದಕ್ಕಿಂತ ಮುಂದಕ್ಕೆ ಹೋಗುವುದಿಲ್ಲ.

ನೀನು ಅತ್ತೆ. ಶೆಡ್ಡಿನಲ್ಲಿ, ಬಚ್ಚಲಲ್ಲಿ, ಗ್ಯಾಸ್ ಸ್ಟೇಷನ್ನಿನ ಎದುರು ಗಾಡಿ ನಿಲ್ಲಿಸಿಕೊಂಡು ಅತ್ತೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಡರೆಲ್. ಇದನ್ನು ಎದುರಿಗೆ ಹೇಳಲು ಆಗಿರಲಿಲ್ಲ.

ಮಾರ್ಚಿನಲ್ಲಿ ನಾನು ಅವನ ಪೆಟ್ಟಿಗೆ ತೆರೆದು ಒಂದು ಕಂದು ಮರದ ಮೀನನ್ನು ದಾರಕ್ಕೆ ಕಟ್ಟುತ್ತಿದ್ದಾಗ ನೀನು ನೋಡಿದೆಯಲ್ಲ, ಆ ಬೆಳಿಗ್ಗೆ ಆಡಿದ ಮಾತುಗಳನ್ನು ನಾನು ಮರೆತಿಲ್ಲ. "ಅದನ್ನ ಕಲ್ಲಿಗೆ ಹೊಡೆದು ಕಳೀತೀಯ. ಅವನ ಕೈ ಮುಟ್ಟಿದ್ದು ಕಣೇ ಅದು! ನಿನಗೆ ಕರುಳು ಅನ್ನೋದು ಇದ್ಯಾ ಇಲ್ವಾ?" ಎಂದೆ. ನಾನು, "ಕಲ್ಲಿಗೆ ಹೊಡೀಲಿ ಅಂತಲೇ ಅವನು ಮಾಡಿದ್ದು. ಗೋಡೆಗೆ ತೂಗುಹಾಕೋಕೆ ಅಂತ ಅಲ್ಲ," ಎಂದೆ. ನೀನು ಅಂದೇ ತಮ್ಮನ ಮನೆಗೆ ಹೊರಟುಹೋದೆ. ನಾನು ತಡೆಯಲಿಲ್ಲ. ತಡೆಯಬೇಕು ಅನ್ನಿಸಲಿಲ್ಲ, ಹೋಗಲಿ ಅಂತಲೂ ಅನ್ನಿಸಲಿಲ್ಲ.

ಆಮೇಲೆ ನದಿಗೆ ಹೋಗತೊಡಗಿದೆ. ಪಕ್ಕದ ಮನೆಯ ಓಡೆಲ್ ದೋಣಿ ಇಳಿಸುತ್ತಾನೆ, ನಾನು ಮುಂದೆ ಕೂರುತ್ತೇನೆ. ಎಪ್ಪತ್ತೆಂಟರ ಮುದುಕನ ಬಾಯಿ ನಿನಗೆ ಗೊತ್ತಲ್ಲ. ಮೊದಲ ದಿನ ನನ್ನ ಎಸೆತ ನೋಡಿ, "ಅಲ್ಲಮ್ಮ, ಮೀನು ಹಿಡೀತೀಯೋ ಇಲ್ಲ ಆ ಮರದ ಮೇಲಿರೋ ಅಳಿಲು ಹಿಡೀತೀಯೋ?" ಎಂದು ಕೇಳಿದ. ಟ್ರೆಂಟ್ ಬಗ್ಗೆ ಮಾತ್ರ ಒಂದು ಮಾತೂ ಎತ್ತುವುದಿಲ್ಲ. ಅದಕ್ಕೇ ಅವನ ಜೊತೆ ಹೋಗುತ್ತೇನೆ.

ಯಾವುದನ್ನು ಕಟ್ಟಬೇಕು ಎಂದು ದಿನವೂ ಪೆಟ್ಟಿಗೆಯ ಮುಂದೆ ಕೂತು ಯೋಚಿಸುತ್ತೇನೆ. ದಿನದಲ್ಲಿ ನನ್ನ ತಲೆ ಕೆಲಸ ಮಾಡುವುದು ಅಷ್ಟು ಹೊತ್ತು ಮಾತ್ರ. ನೀರು ಇನ್ನೂ ತಣ್ಣಗಿದ್ದರೆ ಚಪ್ಪಟೆ ಮೈಯವು, ಸಣ್ಣಗೆ ನಡುಗುತ್ತ ಬರುವಂಥವು. ಚಳಿಗೆ ಮುದುಡಿದ ಬಾಸ್ ಮೀನು ಹೆಚ್ಚು ಕುಣಿಯುವುದರ ಹಿಂದೆ ಓಡುವುದಿಲ್ಲ. ಬಿಸಿಲು ಬಲಿತ ಮೇಲೆ ಗುಂಡು ಹೊಟ್ಟೆಯವು. ಮೊಣಕಾಲುದ್ದದ ನೀರಿನ ಬಂಡೆಗಳಿಗೆ ಚೌಕ ಗದ್ದದವು, ಮೂತಿಯಡಿಯ ಆ ಪುಟ್ಟ ಹಲಗೆ ಕಲ್ಲಿಗೆ ತಾಗಿದೊಡನೆ ಅವು ಪಕ್ಕಕ್ಕೆ ಚಿಮ್ಮುತ್ತವೆ. ಆಳದ ಮಡುವಿಗೆ ಉದ್ದ ಗದ್ದದವು. ಮಳೆ ಬಂದು ನೀರು ಕದಡಿದ್ದರೆ ಕಿತ್ತಳೆ ಹೊಟ್ಟೆಯದು, ತಿಳಿಯಾಗಿದ್ದರೆ ಕಲ್ಲಿನಡಿಯ ಸಿಗಡಿಯ ಬಣ್ಣದ್ದು. ಬೆಳ್ಳಿ ಬಣ್ಣದವು ಬೇಸಿಗೆಗೆ. ಇದನ್ನೆಲ್ಲ ನಿನಗೆ ಹೇಳುತ್ತಿದ್ದೇನಲ್ಲ, ಅವನಿಗೆ ಕಲಿಸಿದವನೇ ನೀನು. ಆದರೂ ಬರೆದೆ.

ಒಂದು ಸಂಗತಿ ಮಾತ್ರ ನದಿಯಲ್ಲೇ ಕಂಡುಕೊಂಡೆ. ಮರದ ಮೀನು ನೆಟ್ಟಗೆ ಈಜಿಕೊಂಡು ಬರುವಷ್ಟು ಹೊತ್ತು ಬಾಸ್ ಹಿಂದೆಯೇ ಬರುತ್ತದೆ, ಮುಟ್ಟುವುದಿಲ್ಲ. ಅದು ಕಲ್ಲಿಗೆ ಬಡಿದು, ದಿಕ್ಕುತಪ್ಪಿ, ಒಂದು ಗಳಿಗೆ ನಿಂತಿತೋ, ಆಗ ಬಾಯಿ ಹಾಕುತ್ತದೆ. ಕಲ್ಲಿಗೆ ಹೆದರಿ ಮೇಲೆಮೇಲೆ ಎಳೆದುಕೊಂಡರೆ ಸಂಜೆವರೆಗೂ ಬರಿಗೈ. ನಾನು ಮೊದಲು ಹಾಗೇ ಎಳೆದೆ. ಓಡೆಲ್ ಬೈದ, "ಅದೇನು ಪಿಂಗಾಣಿ ಬಟ್ಲಾ? ಬಡೀಲಿ ಬಿಡಮ್ಮ!" ಬಿಟ್ಟೆ. ಕೋಲು ಬಾಗಿತು. ಮೊಳದುದ್ದದ ಕಂದು ಮೀನು, ಮೈಮೇಲೆ ಹುಲಿಯ ಹಾಗೆ ಪಟ್ಟೆ, ಎರಡು ಸಲ ನೀರಿನಿಂದ ಹಾರಿತು. ಓಡೆಲ್ ಕೂಗಿಕೊಂಡ. ನಾನು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಸಂತೋಷ ಆಗಲಿಲ್ಲ. ಆಗಬೇಕಿತ್ತು ಎಂಬುದಷ್ಟೇ ಗೊತ್ತಾಯಿತು.

ಹೀಗೆ ಎರಡು ಮರದ ಮೀನುಗಳು ಹೋದವು. ಒಂದು ಬಂಡೆಯ ಸಂದಿಗೆ, ಇನ್ನೊಂದು ನೀರೊಳಗಿನ ಕೊಂಬೆಗೆ. ನಿನ್ನಿಂದ ಮುಚ್ಚಿಡುವುದಿಲ್ಲ. ಆಗಲೂ ಒಳಗೆ ಏನೂ ಕದಲಲಿಲ್ಲ. ಇನ್ನೊಂದು ಕಟ್ಟಿಕೊಂಡೆ.

ನಿನಗೆ ಕಳಿಸುತ್ತಿರುವ ಅರ್ಧ ಯಾವುದೆಂದರೆ, ನೀರು ಕಾಣದವು. ಕಳೆದ ಶರತ್ಕಾಲದಲ್ಲಿ ಬಣ್ಣ ಹಚ್ಚಿ ಕಿಟಕಿಯಲ್ಲಿ ಒಣಹಾಕಿದ್ದನಲ್ಲ, ಅವು. ಹೊಳೆಯುತ್ತವೆ, ಗಾಜಿನೊಳಗೆ ಚೆನ್ನಾಗಿ ಕಾಣುತ್ತವೆ. ಎರಡಕ್ಕೆ ಇನ್ನೂ ಕಣ್ಣು ಬರೆದಿಲ್ಲ. ನೀನೂ ಬರೆಯಬೇಡ. ಪ್ರತಿಯೊಂದನ್ನೂ ಅವನ ಹಳೆಯ ಕಾಲುಚೀಲಗಳಲ್ಲಿ ಸುತ್ತಿದ್ದೇನೆ, ಕೊಕ್ಕೆಗೆ ಸಿಕ್ಕಿಕೊಂಡರೆ ಕತ್ತರಿಸು, ಎಳೆಯಬೇಡ. ನಾನು ಇಟ್ಟುಕೊಂಡವು ಹಳೆಯವು, ಬಣ್ಣ ಹಾರಿದವು, ಮೈಮೇಲೆ ಮೀನಿನ ಹಲ್ಲಿನ ಗೀರು, ಕಲ್ಲಿನ ಗಾಯ ಇರುವವು. ನಿನ್ನ ತಮ್ಮನ ಹೆಂಡತಿ ಅಂಥವನ್ನು ಹಜಾರದಲ್ಲಿ ಇಡಗೊಡುವುದೂ ಇಲ್ಲ. ಅವನ್ನು ಕಟ್ಟುತ್ತೇನೆ, ಎಸೆಯುತ್ತೇನೆ, ಬೇಸಿಗೆ ಮುಗಿಯುವಷ್ಟರಲ್ಲಿ ಬಹುಶಃ ಒಂದೂ ಉಳಿದಿರುವುದಿಲ್ಲ. ಇದನ್ನು ನಿನ್ನನ್ನು ಕೆಣಕಲು ಬರೆಯುತ್ತಿಲ್ಲ. ಅವನ ಕೈ ಮುಟ್ಟಿದ್ದು ನನಗೆ ಗೊತ್ತಾಗುವುದು ಅದು ನೀರಿನಲ್ಲಿ ನಡುಗುವಾಗ, ಆ ನಡುಕ ದಾರ ಹಿಡಿದು ನನ್ನ ಬೆರಳಿಗೆ ಬಂದಾಗ. ಪೆಟ್ಟಿಗೆಯಲ್ಲಿರುವಾಗ ಅದು ಬರೀ ಮರ.

ಕುಂಟ ನಿನಗೆ ಯಾಕೆ ಬೇಕೆಂದು ಗೊತ್ತು. ಅದೊಂದೇ ನೆಟ್ಟಗೆ ಈಜದ್ದು. ಬರುತ್ತ ಬರುತ್ತ ಎಡಕ್ಕೆ ಹೊರಳಿ, ಬಿದ್ದೇಬಿಟ್ಟಿತು ಅನ್ನುವಷ್ಟರಲ್ಲಿ ಸಾವರಿಸಿಕೊಂಡು ದಾರಿಗೆ ಬರುತ್ತದೆ. ನೀನು ಇಕ್ಕಳ ಹಿಡಿದು ಮೂಗಿನ ಕೊಂಡಿ ಬಗ್ಗಿಸಿ ಸರಿಮಾಡಲು ಹೋದಾಗ ಟ್ರೆಂಟ್ ನಿನ್ನ ಕೈಯಿಂದ ಕಿತ್ತುಕೊಂಡ. "ಬಿಡಪ್ಪಾ ಮಾರಾಯ, ಅದು ದಾರಿ ತಪ್ಪೋದ್ರಲ್ಲೇ ಮಜಾ ಇರೋದು. ಇನ್ನೊಂದು ಮಾಡು ಅಂದ್ರೆ ನನ್ನ ಕೈಲೂ ಆಗಲ್ಲ," ಎಂದ. ನೀವಿಬ್ಬರೂ ಅಡುಗೆಮನೆಯಲ್ಲಿ ಕಿತ್ತಾಡಿದಿರಿ, ಆಮೇಲೆ ನಕ್ಕಿರಿ. ಆ ನಗುವಿನ ಸದ್ದನ್ನು ನೆನಪಿಸಿಕೊಳ್ಳಲು ನೋಡುತ್ತೇನೆ, ನೆನಪಾಗುವುದು ಒಲೆಯ ಮೇಲೆ ಉಕ್ಕಿದ ಹಾಲು ಮಾತ್ರ.

ಇನ್ನು ಹೆಚ್ಚು ಬರೆಯಲಾರೆ. ಓಡೆಲ್ ನಾಳೆ ಪೋಸ್ಟಾಫೀಸಿಗೆ ಹೋಗುತ್ತಾನೆ, ಪೊಟ್ಟಣ ಅವನ ಕೈಗೆ ಕೊಡಬೇಕು. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ಇಂತು,
ಇನ್ನೂ ನಿನ್ನ ಹೆಸರೇ ಇಟ್ಟುಕೊಂಡಿರುವ
ನೆಲ್ಡಾ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಪೊಟ್ಟಣದಲ್ಲಿ ಕುಂಟ ಇಲ್ಲ. ನಿನ್ನ ಕಾಗದ ಬಂದ ದಿನ ಸಿಟ್ಟಿನಲ್ಲಿ ಅದನ್ನೇ ಕಟ್ಟಿಕೊಂಡು ಹೋದೆ. ನೀರಡಿಯ ದೊಡ್ಡ ದಿಬ್ಬದ ಬಂಡೆಗಳಲ್ಲಿ ಎಡಕ್ಕೆ ಹೊರಳಿತು, ಈ ಸಲ ದಾರಿಗೆ ಬರಲಿಲ್ಲ, ಸಂದಿಯಲ್ಲಿ ಸಿಕ್ಕಿಕೊಂಡಿತು. ದಾರ ಸಡಿಲ ಬಿಟ್ಟೆ, ಹಗುರ ಮರವಲ್ಲವೇ, ತಾನಾಗಿ ತೇಲಿ ಬಿಡಿಸಿಕೊಳ್ಳಲಿ ಎಂದು. ತೇಲಲಿಲ್ಲ. ಓಡೆಲ್, "ತಡಿಯಮ್ಮ, ದೋಣಿ ತಿರುಗಿಸ್ತೀನಿ, ಎಳೀಬೇಡ, ಎಳೀಬೇಡ," ಅನ್ನುತ್ತಲೇ ಇದ್ದ. ನಾನು ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆದೆ. ಕಿತ್ತುಹೋಯಿತು. ಆಗ ನನ್ನೊಳಗಿಂದ ಒಂದು ಕೂಗು ಬಂತು, ಡರೆಲ್, ನನ್ನದೆಂದು ನನಗೇ ಗೊತ್ತಾಗಲಿಲ್ಲ. ದೋಣಿಯ ತಳದಲ್ಲಿ ಬಿದ್ದುಕೊಂಡು ಮಗನ ಹೆಸರು ಹಿಡಿದು ಅತ್ತೆ. ಓಡೆಲ್ ಬೆನ್ನು ತಿರುಗಿಸಿ ಕೂತು ಹೊತ್ತು ಮುಳುಗುವವರೆಗೂ ಲಂಗರು ಎತ್ತಲಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಮರಗಟ್ಟಿತು. ಈಗಲೂ ಹಾಗೇ ಇದೆ. ಆಗಸ್ಟಿನಲ್ಲಿ ನೀರು ಇಳಿದಾಗ ಆ ದಿಬ್ಬ ಒಣಗುತ್ತದೆ, ನಡೆದುಕೊಂಡೇ ಹೋಗಿ ಸಂದಿಗಳಲ್ಲಿ ಕೈಹಾಕಿ ಹುಡುಕಬಹುದು. ನೀನು ಬಾ. ಸಿಗದಿದ್ದರೂ ಬಾ. ಅಲ್ಲಿ ಮತ್ತೆ ಆ ಕೂಗು ಬಂದರೆ ನಾನು ಒಬ್ಬಳೇ ಇರಲಾರೆ.