ನಿನ್ನ ಎತ್ತರದ ಅಡುಗೆಕಟ್ಟೆ

ಅಕ್ಕಾ,

ನಾವಿಬ್ಬರೂ ಸೇರಿ ಕೊಳ್ಳಬೇಕೆಂದಿದ್ದ, ಇನ್ನೂ ಕಟ್ಟುತ್ತಿರುವ ಮನೆಯ ಕರಾರನ್ನು ಇವತ್ತು ಮುರಿದು ಬಂದೆ. ನೀನು ತೀರಿಕೊಂಡ ಮೇಲೂ ಕೊಳ್ಳುವುದೆಂದೇ ಇದ್ದೆ. ಬೆಳಿಗ್ಗೆ ಹೋಗಿ ನೋಡಿದರೆ, ನೀನು ಹಟ ಹಿಡಿದು ನಿನ್ನ ಎತ್ತರಕ್ಕೆ ಹಾಕಿಸಿದ್ದ ಅಡುಗೆಕಟ್ಟೆ ನನ್ನ ತೊಡೆಗೆ ಬರುತ್ತದೆ!

"ಇದ್ಯಾಕೆ ಸಾರ್ ಇಷ್ಟು ಕೆಳಗೆ?" ಅಂದ ಹೊಸ ಮೇಸ್ತ್ರಿ.

"ನಮ್ಮಕ್ಕ ಕುಳ್ಳಿ."

"ಅಷ್ಟೇನಾ? ಒಡೆದು ಎತ್ತರ ಮಾಡ್ಕೊಡ್ತೀನಿ ಬಿಡಿ," ಎಂದು ಸುತ್ತಿಗೆ ಎತ್ತಿಯೇಬಿಟ್ಟ.

ಅವನ ಕೈ ಹಿಡಿದುಕೊಂಡೆ. ಮನೆಯೇ ಬೇಡ ಅಂದೆ.

ಮಾರುವವರು, "ಮುಂಗಡ ವಾಪಸ್ ಬರಲ್ಲ, ಯೋಚ್ನೆ ಮಾಡಿ," ಅಂದರು. ಕಾರಣ ಕೇಳಿದರು. ಬೆಳಕು ಸಾಲದು ಎಂದೆ. ನೀನಿದ್ದಿದ್ದರೆ ಬೈದು ನೀರಿಳಿಸುತ್ತಿದ್ದೆ.

ಈ ಬಾಡಿಗೆ ಮನೆಯಲ್ಲಿ, ಒಲೆಯ ಮುಂದೆ ನೀನು ಹತ್ತಿ ನಿಲ್ಲುತ್ತಿದ್ದ ಮಣೆ ಹಾಗೇ ಇದೆ. ಎಡವಿದಾಗಲೆಲ್ಲ, "ಸ್ವಲ್ಪ ಪಕ್ಕಕ್ಕೆ ಸರಿಯೇ ಅಕ್ಕಾ," ಎಂದುಬಿಡುತ್ತೇನೆ.